ಒಂದೂವರೆ ಇಂಚು

ಭೂಮಾಪನ ಕಚೇರಿಯಲ್ಲಿ ನಾನು ಟ್ರೇಸರ್ ಆಗಿದ್ದೆ.
ಹಳೆ ನಕಾಶೆಯ ಮೇಲೆ ಮೇಣಬಟ್ಟೆ ಹಾಸಿ
ಕಂಡದ್ದನ್ನು ಕಂಡ ಹಾಗೆ ಎತ್ತಿಕೊಳ್ಳುವ ಕೆಲಸ.
ಹಳ್ಳಕ್ಕೆ ಒಂದೆಳೆ, ಬಂಡಿದಾರಿಗೆ ಜೋಡಿ ಗೀಟು,
ಕಾಲುಹಾದಿಗೆ ಚುಕ್ಕಿ.
ಚುಕ್ಕಿ ಇಡುವಾಗ ಉಸಿರು ಹಿಡಿಯಬೇಕು
ಎಂದು ಕಲಿಸಿದವರು ಕಾಗವಾಡಕರ ಮಾಸ್ತರು.

ಎಂಬತ್ತೊಂಬತ್ತರ ಮೇ, ಒಂದು ಶನಿವಾರ,
ಜಾಂಬೋಟಿ ಆಚೆಯ ಹಾಳೆ.
ಘಟ್ಟದ ಅಂಚಿಗೆ ಓಡುವ ಚುಕ್ಕಿಸಾಲು,
ಪಕ್ಕದಲ್ಲಿ ಇರುವೆಗಾಲಿನ ಅಕ್ಷರ: ಉಪ್ಪಿನ ದಾರಿ.
ಎರಡಕ್ಕೆ ಕಚೇರಿ ಬಿಡುತ್ತದೆ, ಎರಡೂಕಾಲಿಗೆ ನಿಪ್ಪಾಣಿ ಬಸ್ಸು,
ಮನೆಗೆ ನನ್ನನ್ನು ನೋಡಲು ಬರುವವರಿದ್ದರು.
ಹಾಳೆ ಸುತ್ತಿಟ್ಟೆ.
ಸೋಮವಾರ ಮೇಜಿಗೆ ಬೇರೆ ಹಾಳೆ ಬಂತು.
ಒಂದೂವರೆ ಇಂಚು ಉಳಿಯಿತು,
ಇಂಚಿಗೊಂದು ಮೈಲಿ.

ಬಂದವರು ಒಪ್ಪಲಿಲ್ಲ, ಅದು ಬೇರೆ ಮಾತು.

ನನ್ನ ಬಟ್ಟೆಯಿಂದ ಅಮೋನಿಯಾ ಪ್ರಿಂಟು,
ಪ್ರಿಂಟಿನಿಂದ ಅರಣ್ಯದವರ ನಕಾಶೆ,
ಅಲ್ಲಿಂದ ಅಭಯಾರಣ್ಯದ ಗಡಿ,
ಗೌಳಿವಾಡೆಯವರ ಅರ್ಜಿಗೆ ಅಲ್ಲಿಂದಲೇ ಉತ್ತರ:
‘ಸದರಿ ಸ್ಥಳದಲ್ಲಿ ಯಾವುದೇ ರೂಢಿಹಾದಿ ಕಂಡುಬರುವುದಿಲ್ಲ.’
ಆ ಕಾಗದದ ಪ್ರತಿ ವರ್ಷಗಳ ಮೇಲೆ
ಇನ್ಯಾವುದೋ ಫೈಲಿನೊಳಗಿಂದ ನನ್ನ ಕೈಗೆ ಬಂತು.
ಚಹಾದ ಮೇಲೆ ಕೆನೆ ಕಟ್ಟಿತು.

ಈಗ ರಿಟೈರಾಗಿ ಎರಡನೇ ವರ್ಷ, ಎಡ ಮೊಣಕಾಲಿಗೆ ಪಟ್ಟಿ.
ಪರವಾನಗಿ ಚೀಟಿ, ಜೊತೆಗೆ ಗಾರ್ಡ್ ಹುಡುಗ ತಳವಾರ,
ಮುಂದೆ ಕೊಯ್ತಾ ಹಿಡಿದ ಧಾಕು ಜೋರೆ,
ಎಪ್ಪತ್ತೋ ಎಂಬತ್ತೋ ಅವನಿಗೇ ಗೊತ್ತಿಲ್ಲ.
ಹುಡುಗನ ಫೋನಿನಲ್ಲಿ ಬರೀ ಹಸಿರು,
ಹಸಿರಿನಲ್ಲಿ ನಾವು ಮೂವರೂ ಸೇರಿ ಒಂದು ನೀಲಿ ಬೊಟ್ಟು.
‘ಇಲ್ಲೇನೂ ಇಲ್ರಿ ಮೇಡಂ.’
ಧಾಕು ನೆಲ ನೋಡುವುದಿಲ್ಲ, ಮೇಲೆ ನೋಡುತ್ತಾನೆ:
‘ಮಾವಿನ ಗಿಡಾ ಎಣಸರಿ ಬಾಯಾರ.
ಉಪ್ಪು ಹೊತ್ತಾಂವ ಹಣ್ಣ ತಿಂತಿದ್ದ, ವಾಟಿ ಉಗಳತಿದ್ದ.
ವಾಟಿ ಬಿದ್ದಲ್ಲೆ ವಾಟ.’
ಗೊರಟೆ ಅವನ ಕನ್ನಡದ್ದು, ಹಾದಿ ಅವನ ಮರಾಠಿಯದ್ದು,
ಎರಡರ ನಡುವೆ ಒಂದು ಗುಡಿಸಿನಷ್ಟೂ ದೂರವಿಲ್ಲ.
ಮತ್ತಿ, ಜಂಬೆ, ಕಾರ್ವಿಯ ಗಿಜಿಗಿಜಿಯಲ್ಲಿ
ಒಂದು, ಎರಡು, ಮೂರು,
ನಾಲ್ಕನೆಯದು ಒಣಗಿದೆ, ಐದು.
ಯಾರೂ ನೆಡದ ಸಾಲು.

ಆಮೇಲೆ ಹೊರೆಗಲ್ಲು.
ನಿಂತ ಕಲ್ಲು ಎರಡು, ಎದೆಮಟ್ಟಕ್ಕೆ ಒಂದು ಅಡ್ಡ.
ಒಂಟಿಯಾಗಿ ಬಂದವನು ಯಾರ ಕೈಯನ್ನೂ ಕೇಳದೆ
ತಲೆಹೊರೆ ಇಳಿಸಲಿ ಎಂದು, ಮತ್ತೆ ಎತ್ತಿಕೊಳ್ಳಲಿ ಎಂದು.
ಸುತ್ತ ಹಾದಿಯ ಸುಳಿವಿಲ್ಲ.
ನಡುವೆ ಸವೆದ ತಗ್ಗಿನಲ್ಲಿ ನನ್ನ ಚೀಲ ಇಟ್ಟೆ, ಕೂತುಕೊಂಡಿತು.
ಬುಡದ ಮಣ್ಣು ನೆಕ್ಕಿದ ತಾಟಿನಂತೆ ನುಣುಪು.
‘ಗವ್ಯಾ ಬರ್ತಾವ. ಆವಾಗ ಚೆಲ್ಲಿದ ಉಪ್ಪು ಇನ್ನೂ ಐತಿ.’
ಇಷ್ಟು ಮಳಿಗಾಲ ಕಳದ ಮ್ಯಾಲ? ಎಂದು ಹುಡುಗ ನಕ್ಕ.
ಹತ್ತು ಮಾರಿನಾಚೆ ಸಗಣಿಯಿಂದ ಹಬೆ ಏಳುತ್ತಿತ್ತು.
ನಗು ನಿಲ್ಲಿಸಿದ.

ಅಲ್ಲೇ ಹೇಳಿದೆ, ಆ ಶನಿವಾರದ್ದು.
‘ಎಷ್ಟ ಇಂಚು?’
ಎರಡು ಬೆರಳು ಅಗಲಿಸಿ ತೋರಿಸಿದೆ.
ಧಾಕು ತನ್ನ ಹೆಬ್ಬೆರಳಿನ ಮೇಲಿನ ಗೆಣ್ಣನ್ನು
ನನ್ನ ಬೆರಳುಗಳ ನಡುವೆ ಹಿಡಿದು ನೋಡಿದ.
ಅಳತೆ ಕೂಡಿತು.
‘ಇಷ್ಟನ?’
ಸ್ವಲ್ಪ ಹೊತ್ತು ಕೊಯ್ತಾದ ಹಿಡಿ ಒರೆಸಿದ.
‘ಸೊಸಿನ್ನ ಸುತ್ತ ಹಾಕಿ ಒಯ್ದಿದ್ವಿ. ಹನ್ನೊಂದ ಮೈಲಿ.’
ಎಲ್ಲಿಗೆ ಎಂದು ನಾನು ಕೇಳಲಿಲ್ಲ,
ಅವನು ಬಳ್ಳಿ ಕಡಿಯುತ್ತ ಮುಂದೆ ಹೋದ.

ಖಾನಾಪುರದ ಕೊನೆ ಬಸ್ಸು, ಮನೆ, ಮೊಣಕಾಲಿಗೆ ಎಣ್ಣೆ.
ಟ್ರಂಕಿನಡಿಯ ಮೇಣಬಟ್ಟೆಯ ತುಂಡಿಗೆ ಹುಳ ಬಿದ್ದಿರಲಿಲ್ಲ.
ಇದನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ,
ನನಗೆ ಗೊತ್ತು.
ಉಸಿರು ಹಿಡಿದು ಚುಕ್ಕಿ ಇಟ್ಟೆ, ಮಾವಿನಿಂದ ಮಾವಿಗೆ.
ಹೊರೆಗಲ್ಲಿಗೆ ನಮ್ಮ ಪಟ್ಟಿಯಲ್ಲಿ ಗುರುತೇ ಇಲ್ಲ,
ಒಂದು ಅಡ್ಡಗೀಟು ಎಳೆದೆ.

ಘಟ್ಟದಂಚಿಗೆ ಮುಂಚೆ ಒಂದು ಕಡೆ
ಧಾಕುವೂ ನಿಂತುಬಿಟ್ಟಿದ್ದ,
ಎಡಕ್ಕೋ ಬಲಕ್ಕೋ ತಿಳಿಯದೆ,
ಹನ್ನೆರಡು ಹೆಜ್ಜೆ.
ಅಲ್ಲಿ ಚುಕ್ಕಿ ಇಡಲಿಲ್ಲ.
ಈ ಸಲ ಗೊತ್ತಿದ್ದೇ ಬಿಟ್ಟೆ.